ನವಿಲು ಆಮೇಲೆ, ಮೊದಲು ನಾಲೆ ನೋಡಿ

ಅಮೆರಿಕದ ಅರಿಜೋನಾದ ಫೀನಿಕ್ಸ್‌ಗೆ ಬಂದ ನೆಂಟರಿಗೆ ಗ್ರ್ಯಾಂಡ್ ಕ್ಯಾನಿಯನ್, ಸೆಡೋನಾ ತೋರಿಸಿ ಮುಗಿಸಿದವರಿಗೆ ನಾನು ಹೇಳೋ ಜಾಗ ಪಕ್ಕದ ಊರು ಗ್ಲೆಂಡೇಲ್‌ನ ಸವಾರೋ ರ‍್ಯಾಂಚ್. ಹಳೇ ಮನೆ, ಹಣ್ಣು ಪ್ಯಾಕ್ ಮಾಡ್ತಿದ್ದ ಶೆಡ್ಡು, ತೋಟ ಎಲ್ಲ ಉಳಿಸಿಕೊಂಡಿದ್ದಾರೆ. ಆದರೆ ನಮ್ಮ ಜನ ನೋಡೋದು ನವಿಲನ್ನ! ಅಲ್ಲಿ ರಾಜಾರೋಷವಾಗಿ ಓಡಾಡೋದು ನಮ್ಮ ದೇಶದ ಜಾತಿಯ ನವಿಲೇ. ಅದರ ಜೊತೆ ಸೆಲ್ಫಿ, ಗುಲಾಬಿ ತೋಟದಲ್ಲಿ ಇನ್ನೊಂದು, ಸೀದಾ ಮನೆಗೆ. ನನ್ನ ತಕರಾರು ಇಲ್ಲೇ.

1886ರಲ್ಲಿ ವಿಲಿಯಂ ಹೆನ್ರಿ ಬಾರ್ಟ್ಲೆಟ್ ಇಲ್ಲಿ ಜಮೀನು ಶುರುಮಾಡಿ ಅಂಜೂರ, ಕಿತ್ತಳೆ ಹಾಕಿಸಿದ್ದು ಧೈರ್ಯದ ಕೆಲಸವೇ. ವರ್ಷಕ್ಕೆ ಎಂಟು ಇಂಚು ಮಳೆಯೂ ಗ್ಯಾರಂಟಿ ಇಲ್ಲದ ನೆಲ. ಆದರೆ ಹಿಂದಿನ ವರ್ಷವಷ್ಟೇ ಅರಿಜೋನಾ ಕೆನಾಲ್ ಮುಗಿದಿತ್ತು, ಸಾಲ್ಟ್ ನದಿಯಿಂದ ನೀರು ತರೋ ಸುಮಾರು 40 ಮೈಲಿ ಉದ್ದದ ನಾಲೆ ಅದು. 1877ರ ಅಮೆರಿಕದ ಮರುಭೂಮಿ ಜಮೀನು ಕಾಯ್ದೆಯಂತೆ 640 ಎಕರೆವರೆಗೆ ಮರುಭೂಮಿ ಸಿಗ್ತಿತ್ತು, ಎಕರೆಗೆ ಒಂದೂಕಾಲು ಡಾಲರ್. ಮೂರು ವರ್ಷದೊಳಗೆ ನೀರು ಹಾಯಿಸಿ ತೋರಿಸಬೇಕು. ಬಡ ಒಕ್ಕಲಿಗನಿಗೆ ಎಟುಕೋ ಷರತ್ತೇ ಇದು? ಮರದ ಬುಡಕ್ಕೆ ಕಟ್ಟಿದ ಬದು, ತೂಬು ಎತ್ತಿದರೆ ಸಾಲುಸಾಲು ಹರಿಯೋ ಕೆಂಪು ನೀರು, ಸರದಿ ಪ್ರಕಾರ ಬಿಡೋಕೆ ಒಬ್ಬ. ನಮ್ಮ ಕೆರೆ ಬಯಲಿನ ನೀರಗಂಟಿ ಥರಾನೇ, ಇಲ್ಲಿ ಅವನಿಗೆ ಸಂಹೇರೊ ಅಂತಾರೆ.

ಇಷ್ಟು ನೋಡಿ "ಮರುಭೂಮೀಲಿ ಮೊದಲು ಬೇಸಾಯ ಮಾಡಿದವರು" ಅಂದುಬಿಟ್ಟರೆ ಮಾತ್ರ ನಾನು ಒಪ್ಪಲ್ಲ. ಸಾವಿರ ವರ್ಷಕ್ಕೂ ಹಿಂದೆ ಇಲ್ಲಿನ ಮೂಲನಿವಾಸಿ ಹೊಹೊಕಮ್ ಜನ ಇದೇ ಸಾಲ್ಟ್ ನದಿಯಿಂದ ನೂರಾರು ಮೈಲಿ ಕಾಲುವೆ ತೋಡಿದ್ದರು. ಎತ್ತಿಲ್ಲ, ಕಬ್ಬಿಣದ ಹಾರೆ ಇಲ್ಲ. ಕೋಲು, ಕಲ್ಲಿನ ಸಲಕರಣೆ ಅಷ್ಟೇ. ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ, ಹತ್ತಿ ಬೆಳೆದರು. ನೀರು ನಿಲ್ಲಲೂಬಾರದು, ದಡ ಕೊರೆಯಲೂಬಾರದು, ಅಂಥ ಇಳಿಜಾರನ್ನ ಹಿಡಿದ ಎಂಜಿನಿಯರುಗಳು ಅವರು. 1860ರ ದಶಕದ ಕೊನೆಗೆ ಬಂದ ವಲಸಿಗರು ಕೆಲವು ಕಡೆ ಅದೇ ಹಳೇ ಕಾಲುವೆಗಳ ಜಾಡು ಹಿಡಿದೇ ಅಗೆದರು. ಬೂದಿಯಿಂದ ಮತ್ತೆ ಹುಟ್ಟೋ ಪುರಾಣದ ಹಕ್ಕಿಯ ಥರ ಪಾಳುಬಿದ್ದ ನೆಲೆಯಿಂದ ಎದ್ದ ಊರು ಅಂತಾನೇ ಫೀನಿಕ್ಸ್ ಹೆಸರು.

ಪಕ್ಕದ ಹಿಲಾ ನದಿಯ ಅಕಿಮೆಲ್ ಓಓಧಮ್ ಅನ್ನೋ ಮೂಲನಿವಾಸಿ ರೈತರ ಕತೆ ಇನ್ನೂ ಕಹಿ. ದಾರಿಹೋಕರಿಗೆ, ಸೈನ್ಯಕ್ಕೆ ಗೋಧಿ ಮಾರುತ್ತಿದ್ದವರು ಅವರು. ಮೇಲ್ಭಾಗದ ವಲಸಿಗರು ನೀರು ತಿರುಗಿಸಿಕೊಂಡ ಮೇಲೆ ಉಪವಾಸ ಬಿದ್ದರು. ಅವರ ನೀರಿನ ಹಕ್ಕು ಇತ್ಯರ್ಥದ ಕಾನೂನು ಬಂದಿದ್ದು 2004ರಲ್ಲಿ. ಕಾವೇರಿ ಜಗಳ ನೋಡುತ್ತಾ ಬೆಳೆದ ನಮಗೆ ಇದನ್ನ ಬಿಡಿಸಿ ಹೇಳಬೇಕಾ?

ಹೋಗೋದಾದರೆ ಚಳಿಗಾಲದಲ್ಲೇ ಹೋಗಿ. ಬೆಳಿಗ್ಗೆ ಫೀನಿಕ್ಸ್‌ನ S'edav Va'aki ಮ್ಯೂಸಿಯಂನಲ್ಲಿ (2023ರವರೆಗೆ ಹೆಸರು ಪ್ಯೂಬ್ಲೊ ಗ್ರ್ಯಾಂಡೆ) ಹೊಹೊಕಮ್ ಕಾಲುವೆಗಳ ಅವಶೇಷ, ಮಧ್ಯಾಹ್ನ ರ‍್ಯಾಂಚು. ಈ ಕ್ರಮ ಮಾತ್ರ ತಪ್ಪಿಸಬೇಡಿ. ಮಕ್ಕಳು ನವಿಲು ಅಂತ ಹಟ ಮಾಡಿದರೂ ಸರಿ.