ಆ ತಟ್ಟೆಯ ಸದ್ದಿನ ಮೇಲೆ ಮೈಕ್ ಯಾಕೆ?

ಈಗಷ್ಟೇ ಮಡಿಕೇರಿಯಿಂದ ಬಂದೆ. ಮೂರು ಕಿರುನಾಟಕಗಳಿದ್ದವು. ಕೋಪ ಆರುವ ಮೊದಲೇ ಬರೆಯುತ್ತಿದ್ದೇನೆ.

ಎರಡನೆಯದು ಹನ್ನೆರಡು ನಿಮಿಷದ ನಾಟಕ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ. ತೋಟದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಗದ್ದೆಯಿಂದ ಹೊಸ ಭತ್ತದ ಕದಿರು ತೆಗೆಯುವ ಹೊತ್ತಿಗೆ ಬೆಂಗಳೂರಿನಿಂದ ಮಗ ಬರಬೇಕು. ಕಾಯುತ್ತಿದ್ದೇವೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾತೆಲ್ಲ ಕರಿಮೆಣಸಿನ ರೇಟು, ಕೆಟ್ಟುಹೋದ ಪಂಪ್‌ಸೆಟ್ಟು, ಗದ್ದೆಗೆ ನುಗ್ಗಿದ ಕಾಡುಹಂದಿ. ಫೋನ್ ಬರುತ್ತದೆ. ಗಂಡ "ಆಯ್ತು, ಹುಷಾರು" ಎಂದಷ್ಟೇ ಹೇಳಿ ಇಡುತ್ತಾನೆ. ಹೆಂಡತಿ ಏನೂ ಕೇಳುವುದಿಲ್ಲ. ಮೇಜಿನ ಮೇಲಿದ್ದ ಮೂರು ತಟ್ಟೆಗಳಲ್ಲಿ ಒಂದನ್ನು ಎತ್ತಿಕೊಂಡು, ಒಣಗಿದ ತಟ್ಟೆಯನ್ನೇ ಸೆರಗಿನಲ್ಲಿ ಇನ್ನೊಮ್ಮೆ ಒರೆಸಿ, ಕಪಾಟಿನಲ್ಲಿಡುತ್ತಾಳೆ. ಸ್ಟೀಲಿಗೆ ಸ್ಟೀಲು ತಾಗಿದ ಸದ್ದು. ಬೆಳಕು ಆರಿತು.

ಆ ಸದ್ದು ಕಿವಿಯಲ್ಲಿರುವಾಗಲೇ ಟ್ಯೂಬ್‌ಲೈಟ್‌ಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ನಿರೂಪಕರು ಮೈಕ್ ಹಿಡಿದು ಬಂದರು. "ಈ ನಾಟಕ ಕೊಡುವ ಸಂದೇಶ ಏನೆಂದರೆ, ಹೆತ್ತವರನ್ನು ಯಾರೂ ಮರೆಯಬಾರದು." ಜೋರು ಚಪ್ಪಾಳೆ.

ನಾಟಕದಲ್ಲಿ ಮಗ ಹೆತ್ತವರನ್ನು ಮರೆತವನಲ್ಲ! ಫೋನ್ ಮಾಡಿದ್ದಾನೆ. ಅವನಿಗೆ ಬರಲಾಗಲಿಲ್ಲ, ಅಷ್ಟೆ. ನಾಟಕ ಇದ್ದದ್ದು ಅವನ ಮೇಲೂ ಅಲ್ಲ. ಒಬ್ಬರ ನೋವನ್ನು ಇನ್ನೊಬ್ಬರು ನೋಡಿದೆ ಎಂದು ತೋರಿಸಿಕೊಳ್ಳದೆ ಬದುಕುವ ಇಬ್ಬರ ಮೇಲೆ. ಅದು ಪ್ರೀತಿಯ ನಾಟಕ. ಅದನ್ನು ಹೆತ್ತವರ ಬಗೆಗಿನ ಬುದ್ಧಿಮಾತು ಮಾಡಿಬಿಟ್ಟರು.

ಈ 'ಸಂದೇಶ'ದ ಗೀಳು ಎಲ್ಲಿಂದ ಬಂತೆಂದು ರಂಗದ ಒಡನಾಟವಿರುವವರಿಗೆ ಗೊತ್ತು. ಸಣ್ಣ ನಾಟಕ ಎಂದರೆ ನಮ್ಮಲ್ಲಿ ಬಹಳ ಜನರಿಗೆ ಮೊದಲು ನೆನಪಾಗುವುದು ಬೀದಿನಾಟಕ. 1990ರ ದಶಕದ ಸಾಕ್ಷರತಾ ಆಂದೋಲನ, ಆಮೇಲೆ ಆರೋಗ್ಯ, ಕುಡಿತ, ಪರಿಸರದ ಜಾಗೃತಿ. ಸಂತೆಯಲ್ಲಿ ಚೀಲ ಹಿಡಿದು ನಿಂತವರ ನಡುವೆ, ಬಸ್ಸಿನ ಹಾರನ್ ಮೀರಿಸಿ, ಹದಿನೈದು ಇಪ್ಪತ್ತು ನಿಮಿಷದಲ್ಲಿ ವಿಷಯ ಮುಟ್ಟಿಸಬೇಕು. ಅಲ್ಲಿ ಕೊನೆಗೆ ಜನರತ್ತ ತಿರುಗಿ ಹೇಳುವುದೇ ಸರಿ, ಆ ಪ್ರಕಾರ ಹುಟ್ಟಿದ್ದೇ ಅದಕ್ಕೆ. ಆದರೆ ಕುರ್ಚಿಯಲ್ಲಿ ಕೂತು, ದೀಪ ಆರಿಸಿಕೊಂಡು ನೋಡುವ ಮನೆಮಂದಿಯ ನಾಟಕಕ್ಕೂ ಅದೇ ಅಳತೆಗೋಲು ಹಿಡಿಯುತ್ತೇವೆ. ಎಷ್ಟೋ ಸ್ಪರ್ಧೆಗಳ ಅಂಕಪಟ್ಟಿಯಲ್ಲಿ ಸಂದೇಶಕ್ಕೆ ಬೇರೆ ಕಲಮ್ಮೇ ಇರುತ್ತದೆ. ತಟ್ಟೆ ಒಳಗಿಟ್ಟದ್ದಕ್ಕೆ ಯಾವ ಕಲಮ್ಮಿನಲ್ಲಿ ಅಂಕ ಕೊಡುತ್ತಾರೆ?

ಇದರಿಂದ ಹಾಳಾಗುವುದು ಬರವಣಿಗೆ. ಇವತ್ತಿನ ಮೊದಲ ನಾಟಕವನ್ನೇ ನೋಡಿ. ಪಾಲು ಕೇಳಲು ಬಂದ ಅಕ್ಕ, ತೋಟ ನೋಡಿಕೊಂಡಿರುವ ತಮ್ಮ. ಒಂಬತ್ತು ನಿಮಿಷ ಬಿಗಿಯಾಗಿತ್ತು. ಕೊನೆಯ ನಿಮಿಷದಲ್ಲಿ ತಮ್ಮ ಅಕ್ಕನನ್ನು ಬಿಟ್ಟು ರಂಗದ ಮುಂದಕ್ಕೆ ಬಂದು, "ಆಸ್ತಿಗಿಂತ ಸಂಬಂಧ ದೊಡ್ಡದು" ಎಂದು ನಮಗೆ ಹೇಳಿದ. ಅಷ್ಟು ಹೊತ್ತು ಅಕ್ಕನ ಜೊತೆ ಮಾತಾಡುತ್ತಿದ್ದವನು ನಮ್ಮೊಡನೆ ಮಾತಿಗಿಳಿದ ಕೂಡಲೇ ಅಕ್ಕ ಬರೀ ನಿಂತಿರುವ ನಟಿಯಾದಳು, ಮನೆ ಬರೀ ಪರದೆಯಾಯಿತು. ಬರೆದವರಿಗೆ ಪ್ರತಿಭೆಯಿದೆ. ಆ ಸಾಲು ಅವರದ್ದಲ್ಲ, ಅಂಕಪಟ್ಟಿಯ ಭಯದ್ದು. ಅದನ್ನು ಹೊಡೆದುಹಾಕಿ, ಅಕ್ಕ ಪಾಲಿನ ಕಾಗದವನ್ನು ಬ್ಯಾಗಿಗೆ ಹಾಕಿಕೊಳ್ಳುವಲ್ಲಿಗೇ ನಿಲ್ಲಿಸಿದರೆ ನಾಟಕ ಉಳಿಯುತ್ತದೆ.

"ಹಳ್ಳಿಯ ಜನಕ್ಕೆ ಬಿಡಿಸಿ ಹೇಳದಿದ್ದರೆ ತಿಳಿಯುವುದಿಲ್ಲ" ಎಂದು ಒಬ್ಬರು ಅಲ್ಲೇ ವಾದಿಸಿದರು. ಈ ಮಾತು ಕೇಳಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ನಮ್ಮ ಜನ ಮದುವೆ ಮನೆಗೆ ಹೋದರೆ ಯಾರು ಯಾರ ಪಕ್ಕ ಊಟಕ್ಕೆ ಕೂರಲಿಲ್ಲ, ಯಾರು ನಗುವಾಗ ಕಣ್ಣು ತಪ್ಪಿಸಿದರು ಎಂಬುದರಿಂದಲೇ ಎರಡು ಮನೆಗಳ ಹತ್ತು ವರ್ಷದ ಜಗಳ ಓದಿಬಿಡುತ್ತಾರೆ. ಅಂಥವರಿಗೆ ತಟ್ಟೆ ತೆಗೆದಿಟ್ಟದ್ದು ಅರ್ಥವಾಗುವುದಿಲ್ಲವೇ?

ಹತ್ತು ನಿಮಿಷದಲ್ಲಿ ಪಾತ್ರ ಬೆಳೆಸಲಾಗದು ಎನ್ನುವವರೂ ಇದ್ದಾರೆ. ಬೆಳೆಸಬೇಕಾಗಿಲ್ಲ. ಸಣ್ಣ ನಾಟಕ ಹಿಡಿಯುವುದು ಒಂದು ತಿರುವನ್ನು: ಬಾಗಿಲು ದಾಟುವ ಮೊದಲಿನ ಹತ್ತು ನಿಮಿಷ. ಹಾಗಾಗಿ ನೋಡುವ ಬಗೆಯೂ ಬೇರೆ. ಮೊದಲ ಎರಡು ನಿಮಿಷದಲ್ಲಿ ಯಾರು, ಎಲ್ಲಿ, ಏನು ಸರಿಯಿಲ್ಲ ಎಂಬುದೆಲ್ಲ ಬಂದುಹೋಗುತ್ತದೆ. ಮೂರನೇ ನಿಮಿಷಕ್ಕೆ ಒಳಗೆ ಬಂದವರಿಗೆ ಕಾಲು ಭಾಗ ಹೋಯಿತು. ಬೆಂಗಳೂರಿನ ರಂಗಶಂಕರದಲ್ಲಿ ತಡವಾಗಿ ಬಂದವರನ್ನು ಒಳಬಿಡುವುದಿಲ್ಲ ಎಂದು ಬೈಯುವವರಿದ್ದಾರೆ. ಸಣ್ಣ ನಾಟಕಕ್ಕೆ ಆ ನಿಯಮ ಇನ್ನೂ ಹೆಚ್ಚು ಬೇಕು.

ಮಾತಿಗಿಂತ ಕೈಗಳನ್ನು ನೋಡಿ. ಯಾರು ಕೂರುತ್ತಿಲ್ಲ, ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ, ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೆ, ಕರೆಯುವ ರೀತಿ ಯಾವಾಗ ಬದಲಾಯಿತು ಎಂಬುದನ್ನು ಗಮನಿಸಿ. ನಮ್ಮ ಜಿಲ್ಲೆಯ ನಾಟಕಗಳಲ್ಲಂತೂ ಭಾಷೆಯ ಜಿಗಿತವೇ ಅರ್ಧ ಕಥೆ. ಮನೆಯೊಳಗೆ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುತ್ತಿದ್ದ ಮಗಳು ಅಪ್ಪನ ಹತ್ತಿರ ಸಾಲದ ಮಾತು ಬಂದ ಕೂಡಲೇ ಕನ್ನಡಕ್ಕೆ ಹೊರಳಿದರೆ, ಅವಳು ಮನೆಯಿಂದ ಒಂದು ಹೆಜ್ಜೆ ಹೊರಗಿಟ್ಟಳೆಂದೇ ಅರ್ಥ. ಬೇರೆ ಊರಿನ ಪ್ರೇಕ್ಷಕರಿಗೆ ಸಿಗದ ಸುಖ ಇದು.

ಮಾಡುವವರಿಗೂ ಒಂದಿಷ್ಟು ಹೇಳಲೇಬೇಕು. ಸಂದೇಶದ ಗಲಾಟೆಯಲ್ಲಿ ಇದನ್ನೆಲ್ಲ ಯಾರೂ ಮಾತಾಡುವುದಿಲ್ಲ. ಒಂದು ಪುಟಕ್ಕೆ ಒಂದು ನಿಮಿಷ ಎನ್ನುವ ಲೆಕ್ಕ ಅಂದಾಜಿಗೆ ಮಾತ್ರ ಸರಿ. ಗಟ್ಟಿಯಾಗಿ ಓದಿ, ಗಡಿಯಾರ ನೋಡಿ, ಅದಕ್ಕೆ ಎರಡು ನಿಮಿಷ ಸೇರಿಸಿ. ಮೌನ, ನಡಿಗೆ, ಕಾಫಿ ಬಗ್ಗಿಸುವುದು, ಎಲ್ಲಕ್ಕೂ ಹೊತ್ತು ಬೇಕು. ನಡುವೆ ಕತ್ತಲು ಮಾಡಿ ದೃಶ್ಯ ಬದಲಿಸಬೇಡಿ. ಪ್ರತಿ ಸಲವೂ ಅರ್ಧ ನಿಮಿಷ ಹೋಗುತ್ತದೆ, ಪ್ರೇಕ್ಷಕರು ಫೋನ್ ತೆಗೆಯುತ್ತಾರೆ, ಕೂಡಿಟ್ಟ ಬಿಗಿ ಸೋರಿಹೋಗುತ್ತದೆ. ಒಂದೇ ಕೋಣೆ, ಒಂದೇ ಹೊತ್ತು, ಇಬ್ಬರು ಮೂವರು ಸಾಕು. ಇಪ್ಪತ್ತೈದರ ಹುಡುಗನ ತಲೆಗೆ ಪೌಡರ್ ಹಾಕಿ ಅಜ್ಜನನ್ನಾಗಿ ಮಾಡುವುದು ದೊಡ್ಡ ಮೈದಾನದಲ್ಲಿ ನಡೆದೀತು. ಇಪ್ಪತ್ತಡಿ ದೂರದಿಂದ ನೋಡುವಾಗ ಮಾತ್ರ ಅವನು ಬಾಯಿ ತೆರೆಯುವ ಮೊದಲೇ ಸುಳ್ಳು. ಪಾತ್ರದ ವಯಸ್ಸನ್ನೇ ಬದಲಿಸಿ, ಇಲ್ಲವೇ ನೆರೆಮನೆಯ ಅರುವತ್ತರವರನ್ನು ಕರೆತನ್ನಿ.

ಕೀಬೋರ್ಡ್ ದಯವಿಟ್ಟು ಬೇಡ. ಫೋನ್ ಇಟ್ಟ ಮೇಲಿನ ಮೌನಕ್ಕೆ ಇವತ್ತು ಯಾರೋ ಶೋಕರಾಗ ತುಂಬಿದರು. ನಟಿ ಕಷ್ಟಪಟ್ಟು ಹಿಡಿದಿಟ್ಟದ್ದನ್ನು ಆ ಸಂಗೀತ ಮೊದಲೇ ಒಡೆದು ಹೇಳಿತು. ಅದೂ ಮೈಕಿನ ಸಂದೇಶದ ತಮ್ಮನೇ. ನೂರೈವತ್ತು ಜನರ ಹಾಲಿಗೆ ಕಾಲರ್ ಮೈಕ್ ಕೂಡ ಬೇಡ, ಸೆರಗು ಉಜ್ಜಿದ ಸದ್ದೇ ದೊಡ್ಡದಾಗಿ ಕೇಳುತ್ತದೆ. ಆದರೆ ಮಳೆಗಾಲದಲ್ಲಿ ಶೀಟಿನ ಮಾಡಿನಡಿ ನಾಟಕ ಇಟ್ಟರೆ ಯಾವ ಮೈಕೂ ಉಪಯೋಗಕ್ಕೆ ಬರುವುದಿಲ್ಲ. ಕಾಫಿ, ಮೆಣಸು ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲು, ಏಪ್ರಿಲ್ ಮೇ ಹೊತ್ತಿಗೆ ಇಡಿ. ರಜೆಗೆ ಮಕ್ಕಳೂ ಊರಲ್ಲಿರುತ್ತಾರೆ.

ಕೈಲಾಸಂ ಮನೆಯೊಳಗಿನ ಆಡುಮಾತನ್ನು ಕನ್ನಡ ರಂಗಕ್ಕೆ ತಂದು ನೂರು ವರ್ಷ ದಾಟಿತು. ನಮ್ಮ ಜಿಲ್ಲೆಯಲ್ಲಿ ಹರದಾಸ ಅಪ್ಪಚ್ಚ ಕವಿ ಕೊಡವ ತಕ್ಕ್‌ನಲ್ಲಿ ನಾಟಕ ಬರೆದದ್ದೂ ಹೆಚ್ಚುಕಡಿಮೆ ಅಷ್ಟೇ ಹಿಂದೆ. ಅಪ್ಪಚ್ಚ ಕವಿಯದು ಪುರಾಣದ ವಸ್ತು, ಹಾಡು, ಭಕ್ತಿ. ಆ ರುಚಿ ನಮ್ಮಲ್ಲಿ ಗಟ್ಟಿಯಾಗಿದೆ, ಇರಲಿ, ಅದು ನಮ್ಮ ಆಸ್ತಿ. ಅವರ ಯಯಾತಿ ನಾಟಕದ ಮುಂದೆ ಕೂತ ಹಾಗೇ ಅಡುಗೆಮನೆಯ ಮುಂದೆಯೂ ಕೂರಲು ಕಲಿಯೋಣ ಎನ್ನುವುದಷ್ಟೇ ನನ್ನ ಬೇಡಿಕೆ.

ಸಣ್ಣ ನಾಟಕದಷ್ಟು ಕೊಡಗಿಗೆ ಹೊಂದುವ ರಂಗಪ್ರಕಾರ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ. ಎರಡೂವರೆ ಗಂಟೆಯ ನಾಟಕ ಮುಗಿಸಿ ರಾತ್ರಿ ಹತ್ತಕ್ಕೆ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಹೋಗುವವರು ಆನೆ ಇರುವ ರಸ್ತೆಯಲ್ಲಿ ಹೋಗಬೇಕು. ಎಷ್ಟು ಜನ ಆ ಹೆದರಿಕೆಗೇ ಮನೆಯಲ್ಲಿ ಉಳಿಯುತ್ತಾರೆ! ಸಂಜೆ ನಾಲ್ಕೂವರೆಗೆ ಶುರು ಮಾಡಿ ಹನ್ನೆರಡು ನಿಮಿಷದ ಮೂರು ನಾಟಕ ಆಡಿದರೆ, ಬಿಡುವು ಸೇರಿ ಐದೂವರೆಯೊಳಗೆ ಮುಗಿಯುತ್ತದೆ. ಕತ್ತಲಾಗುವ ಮೊದಲೇ ಬಸ್ಸು ಹತ್ತಬಹುದು.

ಆಯೋಜಕರಲ್ಲಿ ಕೇಳುವುದು ಇಷ್ಟೆ. ಮೂರು ತಂಡಗಳ ಹೆಸರು, ನಟರ ಹೆಸರು, ಫೋನ್ ಆಫ್ ಮಾಡಿ ಎನ್ನುವ ಮಾತು, ಎಲ್ಲವನ್ನೂ ಮೊದಲ ನಾಟಕಕ್ಕೆ ಮುಂಚೆ ಒಂದೇ ಸಲ ಹೇಳಿ ಮುಗಿಸಿ. ಪ್ರತಿ ನಾಟಕದ ಕೊನೆಯಲ್ಲಿ ದೀಪ ಆರಿದ ಮೇಲೆ ಹತ್ತು ಎಣಿಸುವವರೆಗೆ ಸ್ವಿಚ್ಚಿನ ಹತ್ತಿರ ಯಾರೂ ಹೋಗಬಾರದು. ಆಮೇಲೆ ಮಂದ ಬೆಳಕು, ಮೂರು ನಿಮಿಷ ಬಿಡುವು, ಪಕ್ಕದವರೊಡನೆ ಮಾತಾಡಲು. ಮೈಕ್ ಅಷ್ಟು ಹೊತ್ತೂ ಆಫ್ ಆಗಿರಲಿ.