ಹುಚ್ಚ ಅಂದಿದ್ದು ನೀವೇ ಅಲ್ವಾ ರಾಯರೇ?

ನಮ್ಮ ಲಾಲ್‌ಬಾಗ್ ವಾಕಿಂಗ್ ಗುಂಪಿನಲ್ಲಿ ಒಂದೇ ಕೇಸಿಗೆ ಎರಡು ತೀರ್ಪು ಬರುತ್ತವೆ. ಮೊದಲನೆಯದು ಸುದ್ದಿ ಬಂದ ದಿನ. ಎರಡನೆಯದು ಆರೋಪಿಗೆ ವಕೀಲರು ಸಿಕ್ಕಿದ ದಿನ.

ಈಗ ಒಂದು ಕೊಲೆ ಕೇಸಿನ ಗಲಾಟೆ ನಡೆದಿದೆ. ಯಾವುದು ಅಂತ ಹೇಳುವುದಿಲ್ಲ, ಹೇಳಿದರೂ ಪ್ರಯೋಜನ ಇಲ್ಲ, ನೀವು ಇದನ್ನು ಓದುವ ಹೊತ್ತಿಗೆ ಟೀವಿಯವರು ಇನ್ನೊಂದನ್ನು ಹಿಡಿದಿರುತ್ತಾರೆ. ಸುದ್ದಿ ಬಂದ ಬೆಳಿಗ್ಗೆ ನಮ್ಮ ರಾಯರು ಬಂಡೆ ಇಳಿದು, ದರ್ಶಿನಿಗೆ ಬಂದು, ಬೈ ಟೂ ಕಾಫಿ ಹೇಳಿ ಅಪ್ಪಣೆ ಕೊಟ್ಟರು: "ಹುಚ್ಚ ಕಣ್ರೀ ಅವನು. ತಲೆ ನೆಟ್ಟಗಿರೋನು ಹಿಂಗೆ ಮಾಡ್ತಾನೇನ್ರೀ?" ಎಲ್ಲರೂ ಹೌದು ಹೌದು ಅಂದೆವು. ಸರ್ವಾನುಮತ.

ಹತ್ತು ದಿನ ಕಳೆಯಿತು. ಆರೋಪಿ ಪರ ವಕೀಲರು ಮಾನಸಿಕ ಅಸ್ವಸ್ಥತೆಯ ವಾದ ಎತ್ತಬಹುದು ಅಂತ ಯಾವುದೋ ಚಾನೆಲ್ ಊಹೆ ಮಾಡಿತು. ಅದೇ ರಾಯರು, ಅದೇ ದರ್ಶಿನಿ, ಅದೇ ಅರ್ಧ ಲೋಟ ಕಾಫಿ. "ಎಲ್ಲಾ ನಾಟಕ! ಹುಚ್ಚು ಅಂತ ಸರ್ಟಿಫಿಕೇಟ್ ತಂದು ಇಡ್ತಾನೆ, ಆರು ತಿಂಗಳಲ್ಲಿ ಕೈ ಬೀಸ್ಕೊಂಡು ಹೊರಗೆ ಬರ್ತಾನೆ, ಬರೆದಿಟ್ಕೊಳ್ಳಿ."

"ಹುಚ್ಚ ಅಂದಿದ್ದು ನೀವೇ ಅಲ್ವಾ ರಾಯರೇ?" ಅಂದೆ.

"ನಾನು ಅನ್ನೋದು ಬೇರೆ, ಅವನ ಲಾಯರ್ ಅನ್ನೋದು ಬೇರೆ."

ಅಂದರೆ ಹುಚ್ಚ ಅನ್ನುವುದು ಬೈಗುಳವಾದರೆ ಸತ್ಯ, ವಾದವಾದರೆ ಸುಳ್ಳು. ಇಷ್ಟು ಸರಳವಾದ ಕಾನೂನು ಇರುವಾಗ ಕೋರ್ಟಿನವರು ಯಾಕೆ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೋ ಗೊತ್ತಿಲ್ಲ.

ರಾತ್ರಿ ಒಂಬತ್ತಕ್ಕೆ ಟೀವಿ ಹಾಕಿದರೆ ಅಲ್ಲೂ ಇದೇ. ಆರೋಪಿ ಪೊಲೀಸ್ ಜೀಪಿನಿಂದ ಇಳಿದು ಒಳಗೆ ಹೋಗುವ ಹತ್ತು ಸೆಕೆಂಡಿನ ದೃಶ್ಯ, ಅದನ್ನೇ ಹಿಂದೆ ಮುಂದೆ ಓಡಿಸಿ, ಕೆಂಪು ಸುತ್ತು ಹಾಕಿ, ಒಬ್ಬರು ಮನೋವಿಶ್ಲೇಷಣೆ ಮಾಡುತ್ತಿದ್ದರು. "ನೋಡಿ, ಇಲ್ಲಿ ನಗ್ತಾ ಇದ್ದಾನೆ. ಪಶ್ಚಾತ್ತಾಪವೇ ಇಲ್ಲ!" ಆರೋಪಿ ಮುಖದ ಮೇಲೆ ಟವೆಲ್ ಇತ್ತು. ಟವೆಲ್ ನಕ್ಕಿರಬೇಕು. ಪಕ್ಕದಲ್ಲಿ ಕೂತಿದ್ದ ಜ್ಯೋತಿಷಿಗಳು, ಚಂದ್ರ ಮನಸ್ಸಿಗೆ ಕಾರಕ, ಇವನ ಜಾತಕದಲ್ಲಿ ಚಂದ್ರ ಸರಿ ಇಲ್ಲ, ಆದರೂ ಗುರುಬಲ ಇರುವುದರಿಂದ ಬೇಲ್ ಆಗಬಹುದು ಅಂದರು. ಆ ಹೊತ್ತಿನಲ್ಲಿ ಖಚಿತವಾಗಿ ಮಾತಾಡಿದವರು ಅವರೊಬ್ಬರೇ. ಮೂರನೆಯವರು ಮೇಜು ಕುಟ್ಟಿ "ಸೆಕ್ಷನ್ 84 ಹಾಕ್ಕೊಂಡು ಬಚಾವ್ ಆಗ್ತಾನೆ" ಅಂತ ಕೂಗಿದರು.

ಹುಚ್ಚಿನ ಕಾರಣಕ್ಕೆ ಆರೋಪಿಯನ್ನು ಖುಲಾಸೆ ಮಾಡುವ ಈ 84ರ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಒಬ್ಬರು ವಕೀಲರಿದ್ದಾರೆ. ಲಿಫ್ಟಿನಲ್ಲಿ ಸಿಕ್ಕಾಗ ಕೇಳಿದೆ. ಅವರು ನಕ್ಕುಬಿಟ್ಟರು. "ಅದು ಹಳೇ ಐಪಿಸಿ ನಂಬರ್ ಸಾರ್. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಈಗ ಅದು ಸೆಕ್ಷನ್ 22. ಹೊಸದರಲ್ಲಿ 84 ಅಂದ್ರೆ ಏನು ಗೊತ್ತಾ? ಇನ್ನೊಬ್ಬನ ಹೆಂಡತಿಯನ್ನು ಪುಸಲಾಯಿಸಿ ಕರ್ಕೊಂಡು ಹೋಗೋದು." ಅಂದರೆ ಮೇಜು ಕುಟ್ಟಿದ ಮಹಾಶಯರ ಪ್ರಕಾರ ಕೊಲೆ ಆರೋಪಿ ಕಂಡವರ ಹೆಂಡತಿಯನ್ನು ಓಡಿಸಿಕೊಂಡು ಹೋಗಿ ಬಚಾವ್ ಆಗುತ್ತಾನೆ.

ಲಿಫ್ಟು ಮೂರನೇ ಮಹಡಿಗೆ ಬಂದರೂ ವಕೀಲರು ಬಾಗಿಲಿಗೆ ಕಾಲು ಅಡ್ಡ ಇಟ್ಟು ಹೇಳುತ್ತಲೇ ಇದ್ದರು. ಹುಚ್ಚು ಇದ್ದರಷ್ಟೇ ಸಾಲದು. ಆ ಕೃತ್ಯ ಮಾಡುವ ಗಳಿಗೆಯಲ್ಲಿ, ನಾನು ಏನು ಮಾಡುತ್ತಿದ್ದೇನೆ ಅನ್ನುವುದೇ ಗೊತ್ತಾಗದಷ್ಟು, ಅಥವಾ ಇದು ತಪ್ಪು, ಕಾನೂನಿಗೆ ವಿರುದ್ಧ ಅನ್ನುವುದು ತಿಳಿಯದಷ್ಟು ಬುದ್ಧಿ ಕೆಟ್ಟಿರಬೇಕು. ತೆಂಗಿನಕಾಯಿ ಒಡೆಯುತ್ತಿದ್ದೇನೆ ಅಂದುಕೊಂಡು ತಲೆ ಒಡೆದಿರಬೇಕು, ಆ ಮಟ್ಟಕ್ಕೆ. ಡಾಕ್ಟರ್ ಚೀಟಿಯಲ್ಲಿ ಕಾಯಿಲೆ ಹೆಸರು ಇದ್ದ ಮಾತ್ರಕ್ಕೆ ಆಗಲಿಲ್ಲ. ವೈದ್ಯರ ಹುಚ್ಚು ಬೇರೆ, ಕಾನೂನಿನ ಹುಚ್ಚು ಬೇರೆ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಅದನ್ನು ಸಾಬೀತು ಮಾಡುವ ಹೊರೆಯೂ ಆರೋಪಿಯದ್ದೇ. ಕೊಂದ ಮೇಲೆ ಚಾಕು ತೊಳೆದಿಟ್ಟಿದ್ದರೆ, ಊರು ಬಿಟ್ಟು ಓಡಿದ್ದರೆ, ಅದೆಲ್ಲ ಅವನ ವಿರುದ್ಧವೇ ಸಾಕ್ಷಿ. ಮುಚ್ಚಿಟ್ಟ ಅಂದರೆ ತಪ್ಪು ಅಂತ ಗೊತ್ತಿತ್ತು ಅಂತಲೇ ಅರ್ಥ. ಎಣ್ಣೆ ಹಾಕಿದ್ದೆ, ಗೊತ್ತಾಗಲಿಲ್ಲ ಅನ್ನುವುದೂ ನಡೆಯಲ್ಲ, ಬೇರೆಯವರು ಬಲವಂತವಾಗಿ ಅಥವಾ ಗೊತ್ತಿಲ್ಲದಂತೆ ಕುಡಿಸಿದ್ದರೆ ಮಾತ್ರ ಮಾತು ಬೇರೆ.

"ಸರಿ, ಇಷ್ಟೆಲ್ಲ ಸಾಬೀತು ಮಾಡಿದ ಅಂತ ಇಟ್ಕೊಳ್ಳಿ, ಆಮೇಲೆ ಮನೆಗೆ ಹೋಗ್ತಾನಾ?" ಕೇಳಿದೆ.

"ಎಲ್ಲಿಯ ಮನೆ ಸಾರ್? ಕೃತ್ಯ ಇವನೇ ಮಾಡಿದ್ದು ಅಂತ ತೀರ್ಪಲ್ಲಿ ಬರೆದಿದ್ರೆ, ಸುರಕ್ಷಿತ ಕಸ್ಟಡಿಗೆ ಕಳಿಸ್ತಾರೆ. ನೆಂಟರ ಕೈಗೆ ಕೊಡಬೇಕಾದ್ರೂ ಅವರು ಜವಾಬ್ದಾರಿ ಹೊರಬೇಕು. ವಿಚಾರಣೆ ಟೈಮಲ್ಲೇ ಇವನಿಗೆ ತನ್ನ ಕೇಸು ನಡೆಸೋ ಬುದ್ಧಿ ಇಲ್ಲ ಅಂತ ಆದ್ರೆ ಕೇಸೇ ನಿಂತುಹೋಗುತ್ತೆ, ವಾಸಿ ಆಗೋವರೆಗೆ." ಹುಚ್ಚು ಬಿಟ್ಟ ಹೊರತು ಮದುವೆ ಆಗಲ್ಲ ಅನ್ನುವ ಗಾದೆಯನ್ನು ಸರ್ಕಾರ ಸೆಕ್ಷನ್ ಮಾಡಿ ಇಟ್ಟಿದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಅಷ್ಟರಲ್ಲಿ ಲಿಫ್ಟು ಕಿರುಚಿಕೊಳ್ಳಲು ಶುರುಮಾಡಿತು.

ಇದನ್ನೆಲ್ಲ ನಮಗೆ ಗಂಟು ಹಾಕಿದ್ದು ಇಂಗ್ಲೆಂಡು. 1843ರಲ್ಲಿ ಡೇನಿಯಲ್ ಮ್ಯಾಕ್‌ನಾಟನ್ ಅನ್ನುವವನು ಪ್ರಧಾನಿ ರಾಬರ್ಟ್ ಪೀಲ್ ಅಂದುಕೊಂಡು ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡು ಹೊಡೆದ. ಬುದ್ಧಿಭ್ರಮಣೆ ಅಂತ ಖುಲಾಸೆ ಆಯಿತು. ಲಂಡನ್ನಿನ ರಾಯರುಗಳೆಲ್ಲ ರೊಚ್ಚಿಗೆದ್ದರು, ರಾಣಿ ವಿಕ್ಟೋರಿಯಾ ಕೂಡ. ಆ ಗಲಾಟೆಯಿಂದಲೇ ಈ ನಿಯಮ ಹುಟ್ಟಿ 1860ರ ಐಪಿಸಿಗೆ ಬಂತು. ಸರಿ, ತಪ್ಪಿಸಿಕೊಂಡ ಮ್ಯಾಕ್‌ನಾಟನ್ ಏನಾದ? ಆಸ್ಪತ್ರೆ ಗೋಡೆಯೊಳಗೇ ಇದ್ದು 1865ರಲ್ಲಿ ಅಲ್ಲೇ ತೀರಿಕೊಂಡ. ಅಮೆರಿಕದ ಅಧ್ಯಕ್ಷ ರೇಗನ್‌ಗೆ 1981ರಲ್ಲಿ ಗುಂಡು ಹೊಡೆದ ಜಾನ್ ಹಿಂಕ್ಲಿಯೂ ಹೀಗೆಯೇ "ಬಚಾವ್" ಆದವನು. ಆಸ್ಪತ್ರೆಯಿಂದ ಹೊರಗೆ ಬಂದು ಇರಲು ಬಿಟ್ಟಿದ್ದು 2016ರಲ್ಲಿ. ಷರತ್ತು ಪೂರ್ತಿ ಹೋಗಿದ್ದು 2022ರಲ್ಲಿ. ರಾಯರ ಆರು ತಿಂಗಳು ಅಂದರೆ ಇದು.

ಹಳೇ ವಕೀಲರು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರಂತೆ. ಆರೋಪಿಯ ಮೊಣಕೈ ಪಕ್ಕದಲ್ಲೇ ಪೊಲೀಸ್ ನಿಂತಿದ್ದರೂ ಅವನು ಇದನ್ನು ಮಾಡುತ್ತಿದ್ದನಾ? ನನಗೆ ಇದು ಬಹಳ ಹಿಡಿಸಿತು, ಯಾಕೆಂದರೆ ಬೆಂಗಳೂರಿನಲ್ಲಿ ಮೊಣಕೈ ಪಕ್ಕ ಹೆಲ್ಮೆಟ್ ಇರುತ್ತದೆ. ದಿನಾ ನೋಡುತ್ತೇನೆ. ಒನ್ ವೇಯಲ್ಲಿ ಎದುರಿಗೆ, ಫುಟ್‌ಪಾತ್ ಮೇಲೆ, ಮೊಣಕೈಗೆ ಹೆಲ್ಮೆಟ್ ನೇತು ಹಾಕಿಕೊಂಡು, ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಬರುವವನನ್ನು ನೋಡಿದರೆ ಯಾರಿಗಾದರೂ ಇವನಿಗೆ ಸೆಕ್ಷನ್ 22 ಕೊಡಬೇಕು ಅನ್ನಿಸುತ್ತದೆ. ಸಿಗ್ನಲ್ಲಿನಲ್ಲಿ ಬಿಳಿ ಶರ್ಟು ಕಾಣಲಿ ಸಾಕು. ಹೆಲ್ಮೆಟ್ ತಲೆಗೆ ಏರುತ್ತದೆ, ಫೋನ್ ಜೇಬಿಗೆ ಇಳಿಯುತ್ತದೆ, ಗಾಡಿ ಸುಮ್ನೆ ಇಳಿದು ತಳ್ಳಿಕೊಂಡು ಹೋಗುವ ವಾಹನವಾಗುತ್ತದೆ. ಕಾನೂನಿನ ಪ್ರಕಾರ ಇಷ್ಟು ನೆಟ್ಟಗಿನ ಬುದ್ಧಿಯ ಜನ ಬೇರೆ ಊರಲ್ಲಿ ಇರಲಿಕ್ಕಿಲ್ಲ. ಖುಲಾಸೆಗೆ ಒಬ್ಬನಿಗೂ ಅರ್ಹತೆ ಇಲ್ಲ.

ಇಂಥ ಊರಿನವರು ಮಾತೆತ್ತಿದರೆ "ಇವನನ್ನ ನಿಮ್ಹಾನ್ಸ್‌ಗೆ ಹಾಕ್ರಿ" ಅಂತ ನಗುತ್ತೇವೆ. ಬೆಳಿಗ್ಗೆ ಅಲ್ಲಿ ಹೊರರೋಗಿ ವಿಭಾಗದ ಮುಂದೆ ಫೈಲ್ ಹಿಡಿದು ನಿಂತ ಅಪ್ಪ ಅಮ್ಮಂದಿರನ್ನು ನೋಡಿದ್ದೀರಾ? ಯಾರನ್ನೂ ಕೊಲ್ಲದ ಆ ಮಕ್ಕಳೂ ನಮ್ಮ ಈ ಜೋಕಿನ ಲೆಕ್ಕಕ್ಕೆ ಸೇರುತ್ತಾರೆ. ಅದಿರಲಿ.

ಮೂರು ವರ್ಷದ ಹಿಂದೆ ಇಂಥದ್ದೇ ಇನ್ನೊಂದು ಕೇಸು ನಮ್ಮ ಗುಂಪಿನ ಮುಂದೆ ವಿಚಾರಣೆಗೆ ಬಂದಿತ್ತು. ಆಗಲೂ ಮೊದಲು ಹುಚ್ಚ, ಆಮೇಲೆ ನಾಟಕ. ವಾಟ್ಸಾಪಿನಲ್ಲಿ ಬಿಡುಗಡೆಗೆ ಎಷ್ಟು ಜನ, ನೇಣಿಗೆ ಎಷ್ಟು ಜನ ಅಂತ ಮತ ಹಾಕಿದ್ದೂ ಆಗಿತ್ತು. ಅದರ ತೀರ್ಪು ಮೊನ್ನೆ ಬಂತು. ಪೇಪರಿನ ಒಳಪುಟದಲ್ಲಿ, ಕಾರು ಮಾರಾಟದ ಜಾಹೀರಾತಿನ ಪಕ್ಕ ಆರು ಸಾಲು. ಜೀವಾವಧಿ. ಹುಚ್ಚಿನ ವಾದವನ್ನು ವಕೀಲರು ಎತ್ತಿಯೇ ಇರಲಿಲ್ಲ. ನಮ್ಮ ಕಕ್ಷಿದಾರ ಆ ದಿನ ಊರಲ್ಲೇ ಇರಲಿಲ್ಲ ಅಂತ ವಾದ ಮಾಡಿದ್ದರಂತೆ.

ದರ್ಶಿನಿಯಲ್ಲಿ ಪೇಪರ್ ಮಡಚಿ ರಾಯರ ಮುಂದಿಟ್ಟೆ. ಕನ್ನಡಕ ಏರಿಸಿ ಆರೂ ಸಾಲು ಓದಿದರು. ಯಾವ ಕೇಸು ಅಂತ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಪೇಪರ್ ನನ್ನ ಕಡೆ ತಳ್ಳಿದರು.

"ಹುಚ್ಚು ಅಂತ ಹೇಳ್ದೇ ಬಿಟ್ನಾ? ಆ ಲಾಯರ್‌ಗೆ ಹುಚ್ಚು ಕಣ್ರೀ."