ಮಾರ್ಚ್ ತಿಂಗಳ ರದ್ದಿ ಮೊದಲು ಮಕ್ಕಳ ಕೈಗೆ ಬರಲಿ

ಕಲಬುರಗಿ, ಬೀದರ್, ಯಾದಗಿರಿಯ ಶಾಲೆಗಳ ಸರ್‌ಗಳಿಗೆ, ಟೀಚರ್‌ಗಳಿಗೆ ಒಂದು ಕೋರಿಕೆ. ಹಳೆ ಕಾಗದದಿಂದ ಹೊಸ ಹಾಳೆ ಮಾಡುವುದನ್ನು ಜೂನ್ 5ರ ಪರಿಸರ ದಿನಕ್ಕೆ ಎತ್ತಿಡಬೇಡಿ. ಮಾರ್ಚ್‌ನಲ್ಲೇ ಕಲಿಸಿ.

ಜೂನ್ ಬರುವಷ್ಟರಲ್ಲಿ ನೋಟ್‌ಬುಕ್‌ಗಳೆಲ್ಲ ರದ್ದಿ ಅಂಗಡಿಯ ತಕ್ಕಡಿ ಏರಿರುತ್ತವೆ. ಅರ್ಧ ಪುಸ್ತಕ ಖಾಲಿ ಇದ್ದರೂ ಯಾರೂ ತೆರೆದು ನೋಡುವುದಿಲ್ಲ. ಮಾರ್ಚ್‌ನಲ್ಲಾದರೆ ಎಲ್ಲ ಮಕ್ಕಳ ಬ್ಯಾಗಿನಲ್ಲೇ ಇರುತ್ತದೆ. ಹಾಳೆ ಒಣಗಿಸಲು ನಮ್ಮ ಬಿಸಿಲಂತೂ ಇದ್ದೇ ಇದೆ.

ಆದರೆ ಬಂದ ಕೂಡಲೇ ಕಾಗದ ಹರಿಯಲು ಕೂರಿಸಬೇಡಿ. ಮೊದಲು ಖಾಲಿ ಹಾಳೆ ಬಿಡಿಸಿ, ಸೂಜಿ ದಾರದಿಂದ ಹೊಲಿದು ರಫ್ ಪುಸ್ತಕ ಮಾಡಿಸಿ. ಒಂದು ಬದಿ ಖಾಲಿ ಇದ್ದದ್ದು ಲೆಕ್ಕ ಬಿಡಿಸಲು ಆಗುತ್ತದೆ. ಎರಡೂ ಬದಿ ತುಂಬಿದ್ದು ಮಾತ್ರ ಬಕೆಟ್‌ಗೆ ಹೋಗಲಿ. ಚೆನ್ನಾಗಿರುವ ಹಾಳೆಯನ್ನೇ ಹರಿದು ಗ್ರೀಟಿಂಗ್ ಕಾರ್ಡ್ ಮಾಡಿದರೆ ಕಸ ಎಲ್ಲಿ ಕಡಿಮೆ ಆಯ್ತು ಹೇಳಿ?

ಕೆಲಸ ಕಷ್ಟದ್ದಲ್ಲ. ಪಿನ್ನು ಕಿತ್ತು, ಚೂರು ಮಾಡಿ ರಾತ್ರಿಯಿಡೀ ನೆನೆಸಬೇಕು. ನೀರು ಜಾಸ್ತಿ ಹಾಕಿ ಸ್ವಲ್ಪ ಸ್ವಲ್ಪವೇ ಮಿಕ್ಸಿಯಲ್ಲಿ ರುಬ್ಬಬೇಕು. ಅಗಲ ಟಬ್ಬಿನಲ್ಲಿ ನೀರು ಬೆರೆಸಿ ತೆಳು ಅಂಬಲಿಯ ಹದಕ್ಕೆ ತರಬೇಕು. ಹಳೆ ಫೋಟೋ ಫ್ರೇಮಿಗೆ ಕಿಟಕಿಯ ಸೊಳ್ಳೆ ಜಾಲರಿ ಬಿಗಿದರೆ ಅದೇ ಅಚ್ಚು. ಅದನ್ನು ಮುಳುಗಿಸಿ ಮೆಲ್ಲಗೆ ಮೇಲೆತ್ತಿ, ನೀರು ಬಸಿದ ಮೇಲೆ ಹತ್ತಿ ಬಟ್ಟೆಯ ಮೇಲೆ ಮಗುಚಬೇಕು. ಮೇಲೊಂದು ಬಟ್ಟೆ ಹಾಕಿ ಒತ್ತಿ, ಒಣಗಿಸಬೇಕು. ಮೊದಲ ಹಾಳೆಗಳು ಹರಿಯುತ್ತವೆ, ಗಂಟು ಕಟ್ಟುತ್ತವೆ. ಹರಿಯಲಿ ಬಿಡಿ. ಒಂದು ಹಾಳೆಯ ಹಿಂದೆ ಎಷ್ಟು ಕೈಕೆಲಸ, ಎಷ್ಟು ನೀರು ಇದೆ ಅಂತ ಮಗುವಿಗೆ ಗೊತ್ತಾಗುವುದೇ ಅಲ್ಲಿ.

ಜೊತೆಗೆ ಚಹಾ ಕುಡಿದ ಒಂದು ಪೇಪರ್ ಕಪ್ಪನ್ನೂ ನೆನೆಹಾಕಿ. ಕಾಗದ ಕರಗಿ ಒಳಗಿನ ತೆಳು ಪ್ಲಾಸ್ಟಿಕ್ ಹಾಗೇ ಉಳಿಯುತ್ತದೆ. ಅದನ್ನು ಮಕ್ಕಳೇ ಬೆರಳಲ್ಲಿ ಎಳೆದು ನೋಡಲಿ. ಇನ್ನೊಂದು ಮಾತನ್ನೂ ಹೇಳಲೇಬೇಕು. ಮರುಬಳಕೆ ಮಾಡಿದಷ್ಟೂ ಕಾಗದದ ನಾರು ಗಿಡ್ಡವಾಗುತ್ತಾ ಹೋಗುತ್ತದೆ. ಸಾಮಾನ್ಯವಾಗಿ 5ರಿಂದ 7 ಸಲ, ಆಮೇಲೆ ಹಾಳೆ ಹಿಡಿದು ನಿಲ್ಲುವುದಿಲ್ಲ. ಹಾಗಾಗಿ ಮೊದಲೇ ಕಡಿಮೆ ಬಳಸಬೇಕು ಅನ್ನುವುದು ನನ್ನ ಹಟ.

ಬೇಸಿಗೆಯಲ್ಲಿ ಕುಡಿಯಲಿಕ್ಕೇ ನೀರಿಲ್ಲ, ಇದೆಲ್ಲಿಂದ ತರೋದು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಟಬ್ಬಿನ ನೀರನ್ನು ಚೆಲ್ಲಬೇಡಿ, ಸೋಸಿ ಮರುದಿನದ ಕಾಗದ ನೆನೆಸಲು ಇಡಿ. ಉಳಿದ ತಿರುಳನ್ನು ಹಿಂಡಿ ಉಂಡೆ ಕಟ್ಟಿ ಒಣಗಿಸಿದರೆ ಮುಂದಿನ ಸಲಕ್ಕೆ ಬರುತ್ತದೆ.

ಬೀದರ್‌ನವರಿಗೆ ಇನ್ನೂ ಒಂದು ಅನುಕೂಲ ಇದೆ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲೊಂದು ದೊಡ್ಡ ಗ್ರಂಥಾಲಯ ಇತ್ತು. ಆ ಕಾಲದಲ್ಲಿ ಕಾಗದವನ್ನು ಚಿಂದಿ ಬಟ್ಟೆ, ನಾರು ಕುಟ್ಟಿ ಕೈಯಲ್ಲೇ ಮಾಡುತ್ತಿದ್ದರು ಅಂತ ಅಲ್ಲೇ ನಿಂತು ಹೇಳಿ.

ಕಲಬುರಗಿ ಸುತ್ತಮುತ್ತ ಯಾವ ಶಾಲೆಯಾದರೂ ಸರಿ, ಶನಿವಾರ ಬೆಳಗ್ಗೆ ಕರೆಯಿರಿ. ಅಚ್ಚು ನಾನೇ ತರುತ್ತೇನೆ. ಮಿಕ್ಸಿ ಇಲ್ಲದಿದ್ದರೆ ಒರಳೂ ನಡೆಯುತ್ತದೆ.